ಮಗು ಯಾರ ಮನೆಯಲ್ಲಿ, ಅರ್ಜಿ ಯಾವ ಊರಿನಲ್ಲಿ?

ಬೇರೆ ಬೇರೆಯಾಗಿ ಬಾಳುತ್ತಿರುವ ತಂದೆ ತಾಯಂದಿರಿಂದ ಬಂದ ಪತ್ರಗಳಲ್ಲಿ ಆರನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಹತ್ತದಂತೆ ಊರು, ಉದ್ಯೋಗ ಮುಂತಾದ ವಿವರಗಳನ್ನು ತೆಗೆದಿದ್ದೇನೆ. ಉತ್ತರಗಳೆಲ್ಲ ಭಾರತದ ಕಾನೂನಿಗೆ ಸಂಬಂಧಿಸಿದವು. ಹಿಂದೂ ಕುಟುಂಬಗಳಿಗೆ ಮಾತ್ರ ಅನ್ವಯಿಸುವ ಕಾಯ್ದೆಯನ್ನು ಹೇಳುವಾಗ ಹಾಗೆಂದೇ ಸೂಚಿಸಿದ್ದೇನೆ.

ಪ್ರಶ್ನೆ: ನನ್ನ ಹೆಂಡತಿ ಏಳು ತಿಂಗಳ ಹಿಂದೆ ಆರು ವರ್ಷದ ಮಗಳನ್ನು ಕರೆದುಕೊಂಡು ಬೇರೆ ರಾಜ್ಯದಲ್ಲಿರುವ ತವರಿಗೆ ಹೋದವಳು ಮರಳಿ ಬಂದಿಲ್ಲ. ಮಗಳನ್ನು ಅಲ್ಲಿಯ ಶಾಲೆಗೇ ಸೇರಿಸಿದ್ದಾಳೆ. ಅಪಹರಣದ ದೂರು ಕೊಡಲು ಹೋದರೆ ಪೊಲೀಸರು ‘ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ’ ಎಂದರು. ಕಾನೂನಿನ ಪ್ರಕಾರ ತಂದೆಯೇ ಸಹಜ ಪಾಲಕನಲ್ಲವೇ? ನಮ್ಮ ಊರಿನ ಕೌಟುಂಬಿಕ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದೇ? ಶಾಲೆ ಬಿಡುವ ಹೊತ್ತಿಗೆ ಹೋಗಿ ಮಗಳನ್ನು ಕರೆತಂದುಬಿಡೋಣ ಎಂದು ನನ್ನ ಅಣ್ಣ ಹೇಳುತ್ತಿದ್ದಾರೆ.

ಉತ್ತರ: ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ನಿಮ್ಮ ಅಣ್ಣನವರ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಶಾಲೆಯ ಬಾಗಿಲಿನಿಂದ ಮಗುವನ್ನು ಎತ್ತಿಕೊಂಡು ಬಂದ ತಂದೆ ನ್ಯಾಯಾಧೀಶರ ಮುಂದೆ ನಿಂತಾಗ, ಅಲ್ಲಿಯವರೆಗೆ ಹೆಂಡತಿಯ ಮೇಲಿದ್ದ ಆಕ್ಷೇಪವೆಲ್ಲ ಅವನ ಮೇಲೆಯೇ ತಿರುಗಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಏಳು ತಿಂಗಳಲ್ಲಿ ಒಮ್ಮೆ ನೆಲೆ ಬದಲಿಸಿದ ಮಗುವಿಗೆ ಎರಡನೆಯ ಸಲ, ಅದೂ ಬಲವಂತವಾಗಿ, ನೆಲೆ ತಪ್ಪಿಸಿದಂತಾಗುತ್ತದೆ.

ಪೊಲೀಸರು ಹೇಳಿದ್ದು ನಿಮಗೆ ಒರಟಾಗಿ ಕೇಳಿಸಿರಬಹುದು. ಆದರೆ ಅದರಲ್ಲಿ ತಪ್ಪಿಲ್ಲ. ತಾಯಿಯೂ ಮಗುವಿನ ಸಹಜ ಪಾಲಕಿ. ಮಗುವನ್ನು ಕರೆದೊಯ್ಯಬಾರದೆಂಬ ನ್ಯಾಯಾಲಯದ ಆದೇಶ ಇಲ್ಲದಿರುವಾಗ ತಾಯಿಯೋ ತಂದೆಯೋ ತಮ್ಮ ಮಗುವನ್ನು ತಮ್ಮ ಬಳಿ ಇಟ್ಟುಕೊಂಡರೆ ಅದನ್ನು ಸಾಮಾನ್ಯವಾಗಿ ಅಪಹರಣವೆಂದು ಪರಿಗಣಿಸುವುದಿಲ್ಲ. ‘ತಂದೆಯೇ ಸಹಜ ಪಾಲಕ’ ಎಂಬ ಮಾತು 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 6ನೇ ಕಲಮಿನಿಂದ ಬಂದದ್ದು. ತಂದೆ, ‘ಅವನ ನಂತರ’ ತಾಯಿ ಎಂದು ಅಲ್ಲಿ ಬರೆದಿರುವುದು ನಿಜ. ಆದರೆ 1999ರಲ್ಲಿ ಗೀತಾ ಹರಿಹರನ್ ಮತ್ತು ರಿಸರ್ವ್ ಬ್ಯಾಂಕಿನ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ‘ನಂತರ’ ಎಂಬ ಪದಕ್ಕೆ ‘ತಂದೆಯ ಮರಣಾನಂತರ’ ಎಂಬ ಇಕ್ಕಟ್ಟಾದ ಅರ್ಥ ಸಲ್ಲದು, ‘ತಂದೆ ಆ ಹೊಣೆ ನಿರ್ವಹಿಸದೆ ಇರುವಾಗ’ ಎಂದೂ ಓದಿಕೊಳ್ಳಬೇಕು ಎಂದು ತೀರ್ಪಿತ್ತಿತು. ಅಲ್ಲದೆ ಪಾಲಕತ್ವ ಬೇರೆ, ಸುಪರ್ದಿ ಬೇರೆ. ಮಗುವಿನ ಪರವಾಗಿ ತೀರ್ಮಾನ ಕೈಗೊಳ್ಳುವ ಅಧಿಕಾರ ಮೊದಲನೆಯದು. ಮಗು ದಿನನಿತ್ಯ ಯಾರ ಬಳಿ ಬೆಳೆಯುತ್ತದೆ ಎಂಬುದು ಎರಡನೆಯದು. ಅದೇ ಕಾಯ್ದೆಯ 13ನೇ ಕಲಮು ಮಗುವಿನ ಕ್ಷೇಮವೇ ಪರಮ ಪರಿಗಣನೆ ಎನ್ನುತ್ತದೆ. ಪಾಲಕನೆಂಬ ಪಟ್ಟ ಅದರ ಮುಂದೆ ನಿಲ್ಲುವುದಿಲ್ಲ.

ಇನ್ನು ಅರ್ಜಿ ಎಲ್ಲಿ ಹಾಕಬೇಕು ಎಂಬುದು. ನಿಮ್ಮ ಪತ್ರದ ನಿಜವಾದ ಪ್ರಶ್ನೆ ಇದೇ. ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಕಲಮಿನ ಪ್ರಕಾರ, ಅಪ್ರಾಪ್ತ ಮಗು ‘ಸಾಮಾನ್ಯವಾಗಿ ವಾಸಿಸುವ’ ಸ್ಥಳದ ನ್ಯಾಯಾಲಯಕ್ಕೆ ಅರ್ಜಿ ಹೋಗಬೇಕು. ಅಲ್ಲಿ ಕೌಟುಂಬಿಕ ನ್ಯಾಯಾಲಯವಿದ್ದರೆ ಅದು, ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯ. ಗಮನಿಸಿ: ಕಾಯ್ದೆ ಕೇಳುವುದು ತಂದೆಯ ಮನೆ ಯಾವುದೆಂದಲ್ಲ, ಅರ್ಜಿ ಹಾಕಿದ ದಿನ ಮಗು ಎಲ್ಲಿ ನಿಂತಿತ್ತೆಂದೂ ಅಲ್ಲ, ಮಗುವಿನ ನೆಲೆ ಎಲ್ಲಿ ಎಂದು. ರಜೆಗೆಂದು ಅಜ್ಜಿಯ ಮನೆಗೆ ಹೋದ ಮಗುವಿನ ನೆಲೆ ಅಜ್ಜಿಯ ಊರಾಗುವುದಿಲ್ಲ. ಮುಚ್ಚುಮರೆಯಿಂದ ಸಾಗಿಸಿ ಮಾರನೆಯ ದಿನವೇ ಹೊಸ ಊರಿನಲ್ಲಿ ಅರ್ಜಿ ಹಾಕಿದವರ ವಾದವನ್ನೂ ನ್ಯಾಯಾಲಯಗಳು ಸುಲಭಕ್ಕೆ ಒಪ್ಪುವುದಿಲ್ಲ. ಇದು ಕಾನೂನು ಮತ್ತು ಸಂಗತಿ ಎರಡೂ ಬೆರೆತ ಪ್ರಶ್ನೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಎಂದರೆ, ಪುರಾವೆ ನೋಡಿಯೇ ಅದನ್ನು ತೀರ್ಮಾನಿಸಬೇಕು.

ಹಾಗಾಗಿ ನಿಮ್ಮ ಊರಿನಲ್ಲಿ ಅರ್ಜಿ ಹಾಕಲು ದಾರಿಯಿದೆ. ಮಗಳು ಹುಟ್ಟಿದಂದಿನಿಂದ ನಿಮ್ಮ ಮನೆಯಲ್ಲಿಯೇ ಬೆಳೆದಳು ಎಂದು ತೋರಿಸುವ ಶಾಲಾ ದಾಖಲೆ, ಲಸಿಕೆಯ ಕಾರ್ಡು, ವೈದ್ಯರ ಚೀಟಿಗಳನ್ನು ಜೋಡಿಸಿಕೊಳ್ಳಿ. ಆದರೆ ಒಂದು ಅಪ್ರಿಯ ಸತ್ಯವನ್ನೂ ಹೇಳಬೇಕು: ಆರು ವರ್ಷದ ಮಗುವಿಗೆ ಏಳು ತಿಂಗಳು ಸಣ್ಣ ಅವಧಿಯಲ್ಲ, ಮತ್ತು ನೀವು ಸುಮ್ಮನಿದ್ದ ಒಂದೊಂದು ತಿಂಗಳೂ ಆ ಹೊಸ ಊರನ್ನು ಮಗುವಿನ ನೆಲೆಯಾಗಿಸುತ್ತ ಬಂದಿದೆ. ನಿಮ್ಮ ಊರಿನಲ್ಲಿ ಅರ್ಜಿ ಹಾಕಿದರೆ ನ್ಯಾಯವ್ಯಾಪ್ತಿಯ ತಕರಾರು ಖಂಡಿತ ಬರುತ್ತದೆ, ಅದರ ವಿಚಾರಣೆಯೇ ಎಳೆದಾಡುತ್ತದೆ, ಆ ಕಾಲವೂ ಮತ್ತೆ ನಿಮಗೇ ವಿರುದ್ಧವಾಗಿ ಲೆಕ್ಕಕ್ಕೆ ಸೇರುತ್ತದೆ. ನನ್ನನ್ನು ಕೇಳಿದರೆ, ಪ್ರಯಾಣದ ತೊಂದರೆ ಸಹಿಸಿಕೊಂಡು ಮಗಳು ಈಗಿರುವ ಊರಿನಲ್ಲಿಯೇ ಅರ್ಜಿ ಹಾಕಿ, ಅದೇ 1890ರ ಕಾಯ್ದೆಯ 12ನೇ ಕಲಮಿನಡಿ ಮಧ್ಯಂತರ ಭೇಟಿಯ ಆದೇಶವನ್ನು ಮೊದಲು ಪಡೆಯುವುದು ಲೇಸು. ಗೆಲ್ಲುವ ಊರನ್ನು ಹುಡುಕುವುದರಲ್ಲಿ ವರ್ಷ ಕಳೆಯುವುದಕ್ಕಿಂತ ಮುಂದಿನ ತಿಂಗಳು ಮಗಳ ಮುಖ ನೋಡುವುದು ಮೇಲಲ್ಲವೇ? ಹೆಂಡತಿ ಈಗಾಗಲೇ ಅಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದರೆ ಪ್ರತ್ಯೇಕ ದಾವೆಯೂ ಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಅದೇ ಪ್ರಕರಣದಲ್ಲಿ ಭೇಟಿಯನ್ನೂ ಸುಪರ್ದಿಯನ್ನೂ ಕೇಳಬಹುದು. ಪ್ರಕರಣವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗಿದೆಯಾದರೂ, ಅಂಥ ಅರ್ಜಿಗಳಲ್ಲಿ ಸಾಮಾನ್ಯವಾಗಿ ಹೆಂಡತಿಯ ಅನುಕೂಲಕ್ಕೆ ಹೆಚ್ಚು ತೂಕ ಸಿಗುತ್ತದೆ ಎಂಬುದು ತಿಳಿದಿರಲಿ.

ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಅಕ್ರಮವಾಗಿ ಹಿಡಿದಿಟ್ಟವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ, ಹಾಕಿ ಎಂದು ಯಾರಾದರೂ ಹೇಳಬಹುದು. ಅದು ಅಸಾಧಾರಣ ಸಂದರ್ಭಗಳಿಗೆಂದು ಇರುವ ದಾರಿ. ಮಗು ಹೆತ್ತ ತಾಯಿಯ ಬಳಿ ಕ್ಷೇಮವಾಗಿರುವಾಗ ಅದು ಫಲ ಕೊಡುವುದು ಅಪರೂಪ.

ಪ್ರಶ್ನೆ: ವಿಚ್ಛೇದನವಾಗಿ ಮೂರು ವರ್ಷಗಳಾದವು. ಒಂಬತ್ತು ವರ್ಷದ ಮಗ ನನ್ನ ಸುಪರ್ದಿಯಲ್ಲಿದ್ದಾನೆ. ಪ್ರತಿ ಎರಡನೇ ಮತ್ತು ನಾಲ್ಕನೇ ಶನಿವಾರ ಅವನ ತಂದೆ ಬಂದು ಕರೆದುಕೊಂಡು ಹೋಗುತ್ತಾರೆ. ಈಗ ನನಗೆ ಬಡ್ತಿಯ ಜೊತೆಗೆ ಬೇರೆ ರಾಜ್ಯಕ್ಕೆ ವರ್ಗವಾಗಿದೆ. ಅವರು ಒಪ್ಪುತ್ತಿಲ್ಲ. ‘ಸುಪರ್ದಿ ನಿಮ್ಮದೇ ತಾನೇ, ಹೋಗಿಬಿಡಿ’ ಎಂದು ಕಚೇರಿಯಲ್ಲಿ ಹೇಳುತ್ತಾರೆ. ಮೇಡಂ, ಹೋಗಬಹುದೇ?

ಉತ್ತರ: ನೀವು ಹೋಗುವುದನ್ನು ಯಾರೂ ತಡೆಯಲಾರರು. ಮಗನನ್ನು ಕರೆದುಕೊಂಡು ಹೋಗುವ ಮುನ್ನ ಮಾತ್ರ ನ್ಯಾಯಾಲಯದ ಅನುಮತಿ ಪಡೆಯಿರಿ. ಹೋದ ಮೇಲಲ್ಲ, ಮುನ್ನ.

ಮೊದಲು ನಿಮ್ಮ ಆದೇಶದ ಪ್ರತಿಯನ್ನು ತೆಗೆದು ಕೊನೆಯ ಪುಟದ ಆದೇಶ ಭಾಗವನ್ನು ಒಂದೊಂದೇ ಸಾಲಾಗಿ ಓದಿ. ಎಷ್ಟೋ ಜನ ತಮ್ಮದೇ ಆದೇಶವನ್ನು ಪೂರ್ತಿ ಓದಿರುವುದಿಲ್ಲ, ವಕೀಲರು ಹೇಳಿದ್ದನ್ನು ನೆನಪಿಟ್ಟುಕೊಂಡಿರುತ್ತಾರೆ. ‘ನ್ಯಾಯಾಲಯದ ಅನುಮತಿಯಿಲ್ಲದೆ ಮಗುವನ್ನು ವ್ಯಾಪ್ತಿಯ ಹೊರಗೆ ಒಯ್ಯತಕ್ಕದ್ದಲ್ಲ’ ಎಂಬ ಷರತ್ತು ಅಲ್ಲಿದ್ದರೆ ಚರ್ಚೆಗೆ ಎಡೆಯೇ ಇಲ್ಲ. 1890ರ ಕಾಯ್ದೆಯಡಿ ನ್ಯಾಯಾಲಯ ನಿಮ್ಮನ್ನು ಪಾಲಕಿಯಾಗಿ ನೇಮಿಸಿದ್ದರೆ ಅಂಥ ಷರತ್ತು ಬರೆಯದಿದ್ದರೂ 26ನೇ ಕಲಮು ಅದೇ ನಿರ್ಬಂಧವನ್ನು ಹೇರುತ್ತದೆ. ಮೀರಿದವರಿಗೆ 44ನೇ ಕಲಮಿನಡಿ 1,000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳವರೆಗೆ ಸಿವಿಲ್ ಕಾರಾಗೃಹ ವಾಸವಿದೆ. ಈ ಎರಡೂ ಇಲ್ಲದೆ ಬರೀ ಸುಪರ್ದಿ ಮತ್ತು ಶನಿವಾರದ ಭೇಟಿ ಎಂದಷ್ಟೇ ಇದ್ದರೂ, ನೂರಾರು ಕಿಲೋಮೀಟರ್ ದೂರ ಹೋದ ಮೇಲೆ ಆ ಶನಿವಾರಗಳನ್ನು ಪಾಲಿಸಲು ನಿಮ್ಮಿಂದಾಗುವುದಿಲ್ಲ, ಆದೇಶ ಉಲ್ಲಂಘನೆಯಾದಂತೆಯೇ.

ಭಯಪಡಬೇಕಾದ್ದಿಲ್ಲ. ಸುಪರ್ದಿಯ ಆದೇಶಗಳು ಸ್ವಭಾವತಃ ತಾತ್ಕಾಲಿಕ, ಸಂದರ್ಭ ಬದಲಾದಾಗ ಅವನ್ನು ಬದಲಿಸಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲಿಯೇ ಹೇಳಿದೆ. 2010ರ ಪ್ರಕರಣವೊಂದರಲ್ಲಿ ದಂಪತಿ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದಿದ್ದರೂ, ತಾಯಿಗೆ ಆಸ್ಟ್ರೇಲಿಯಾದಲ್ಲಿ ಉದ್ಯೋಗ ದೊರೆತಾಗ ಮಗನನ್ನು ಕರೆದೊಯ್ಯಲು ಅದೇ ನ್ಯಾಯಾಲಯ ಒಪ್ಪಿತು. 2020ರಲ್ಲಿ ಸಿಂಗಪುರಕ್ಕೆ ಹೊರಟ ಉದ್ಯೋಗಸ್ಥ ತಾಯಿಗೂ ಅನುಮತಿ ದೊರೆಯಿತು. ತಾಯಿಯಾದವಳು ಉದ್ಯೋಗ ಅಥವಾ ಮಗು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಇಂದಿನ ನ್ಯಾಯಾಲಯಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಆದರೆ ಅನುಮತಿ ಪಡೆದವರ ಅರ್ಜಿಯಲ್ಲಿ ತಂದೆಯ ಜಾಗಕ್ಕೆ ಒಂದು ಯೋಜನೆ ಇರುತ್ತದೆ. ಬಹುಪಾಲು ಅರ್ಜಿಗಳು ಸೋಲುವುದು ಇಲ್ಲಿಯೇ: ಹತ್ತು ಪುಟ ಮಾಜಿ ಪತಿಯ ದೋಷಗಳು, ಕೊನೆಯಲ್ಲಿ ‘ಭೇಟಿಗೆ ನನ್ನ ಅಭ್ಯಂತರವಿಲ್ಲ’ ಎಂಬ ಒಂದು ಸಾಲು. ನೀವು ಅದನ್ನು ತಿರುವುಹಾಕಿ ಬರೆಯಿರಿ. ವರ್ಗಾವಣೆಯ ಆದೇಶ, ಹೊಸ ಶಾಲೆಯಲ್ಲಿ ಸೀಟು ಸಿಗುವ ಖಾತ್ರಿ, ನೀವು ಕೆಲಸದಲ್ಲಿರುವಾಗ ಮಗನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ವಿವರ ಇವೆಲ್ಲ ಇರಲಿ. ಅದಕ್ಕೂ ಮಿಗಿಲಾಗಿ, ತಿಂಗಳಿಗೆ ಎರಡು ಶನಿವಾರ ಎಂದರೆ ವರ್ಷಕ್ಕೆ 24 ದಿನ. ಆ ದಿನಗಳನ್ನು ಹೇಗೆ ತುಂಬಿಕೊಡುತ್ತೀರಿ ಎಂಬುದನ್ನು ದಿನಾಂಕ ಸಮೇತ ಬರೆಯಿರಿ. ಬೇಸಿಗೆ ರಜೆಯ ಅರ್ಧಭಾಗ, ದಸರಾ ರಜೆ, ತಂದೆ ನಿಮ್ಮ ಊರಿಗೆ ಬಂದಾಗ ವಾರಾಂತ್ಯ, ಮಗನ ಪ್ರಯಾಣಕ್ಕೆ ಯಾರು ಜೊತೆ, ಖರ್ಚು ಯಾರದು. ಆ ಖರ್ಚಿನಲ್ಲಿ ಒಂದು ಪಾಲು ನಾನು ಹೊರುತ್ತೇನೆಂದು ನೀವಾಗಿ ಹೇಳಿದರೆ ನಿಮ್ಮ ಪ್ರಾಮಾಣಿಕತೆಗೆ ಬೇರೆ ಸಾಕ್ಷಿ ಬೇಕಾಗದು. ಇದರ ಜೊತೆಗೆ ದಿನವೂ ವಿಡಿಯೊ ಕರೆ. ಪೋಷಕರು ಬೇರೆ ರಾಜ್ಯ ಅಥವಾ ಬೇರೆ ದೇಶಗಳಲ್ಲಿದ್ದಾಗ ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕನ್ನೂ ಕೊಡಬೇಕು, ಸುಪರ್ದಿ ಸಿಗದ ತಂದೆ ಅಥವಾ ತಾಯಿಗೆ ಮಗುವಿನೊಡನೆ ದಿನಕ್ಕೆ 5ರಿಂದ 10 ನಿಮಿಷ ಮಾತಾಡುವ ಅವಕಾಶವಿರಬೇಕು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದಹಾಗೆ ಆ ನಿಮಿಷಗಳಲ್ಲಿ ಮಗನ ಬೆನ್ನ ಹಿಂದೆ ನಿಂತು ಕೇಳಿಸಿಕೊಳ್ಳುವ ಆಸೆಯನ್ನು ತಡೆದುಕೊಳ್ಳಿ. ಮಕ್ಕಳಿಗೆ ಅದು ತಿಳಿಯುತ್ತದೆ.

ಪ್ರಶ್ನೆ: ಒಂದು ವರ್ಷದಿಂದ ಗಂಡ ಜೀವನಾಂಶ ಕೊಟ್ಟಿಲ್ಲ. ಹಣ ಕೊಡುವವರೆಗೆ ಮಗುವನ್ನು ತೋರಿಸುವುದಿಲ್ಲ ಎಂದು ನಾನು ಹೇಳಬಹುದೇ?

ಉತ್ತರ: ಹೇಳಬಾರದು. ಜೀವನಾಂಶವೂ ಭೇಟಿಯೂ ಮಗುವಿಗೆ ಸೇರಿದ ಎರಡು ಪ್ರತ್ಯೇಕ ಹಕ್ಕುಗಳು. ಒಂದು ಸಿಗಲಿಲ್ಲವೆಂದು ಇನ್ನೊಂದನ್ನೂ ಕಿತ್ತುಕೊಂಡರೆ ಮಗುವಿಗೆ ಎರಡು ಕಡೆಯಿಂದಲೂ ನಷ್ಟ. ಬಾಕಿ ವಸೂಲಿಗೆ ಆದೇಶ ನೀಡಿದ ನ್ಯಾಯಾಲಯದಲ್ಲಿಯೇ ಜಾರಿ ಅರ್ಜಿ ಹಾಕಿ. ಸಂಬಳದ ಜಪ್ತಿ ಸೇರಿದಂತೆ ಬೇಕಾದಷ್ಟು ಬಿಗಿಯಾದ ಕ್ರಮಗಳು ಅಲ್ಲಿವೆ. ಇದೇ ಮಾತು ಆ ಕಡೆಗೂ ಸಲ್ಲುತ್ತದೆ: ಮಗುವನ್ನು ತೋರಿಸಲಿಲ್ಲವೆಂದು ಹಣ ನಿಲ್ಲಿಸುವ ಅಧಿಕಾರ ತಂದೆಗಿಲ್ಲ.

ಪ್ರಶ್ನೆ: ಮದುವೆಯ ನಂತರ ಅಮೆರಿಕದಲ್ಲಿದ್ದೆ. ಗಂಡನ ಹಿಂಸೆ ತಾಳಲಾರದೆ ನಾಲ್ಕು ವರ್ಷದ ಮಗನೊಂದಿಗೆ ತಾಯಿ ಮನೆಗೆ ಬಂದು ಐದು ತಿಂಗಳಾಯಿತು. ಮಗನಿಗೆ ಅಲ್ಲಿಯ ಪೌರತ್ವವಿದೆ. ಮಗನನ್ನು ಮರಳಿ ಕಳಿಸಬೇಕೆಂದು ಗಂಡ ಅಲ್ಲಿಯ ನ್ಯಾಯಾಲಯದಿಂದ ಆದೇಶ ತಂದಿದ್ದಾರೆ. ಇಲ್ಲಿ ಅದು ನಡೆಯುತ್ತದೆಯೇ?

ಉತ್ತರ: ತಾನಾಗಿಯೇ ನಡೆಯುವುದಿಲ್ಲ. ಹಾಗೆಂದು ಅದನ್ನು ಹರಿದು ಹಾಕುವಂತೆಯೂ ಇಲ್ಲ.

ಒಂದು ದೇಶದಿಂದ ಇನ್ನೊಂದಕ್ಕೆ ಮಗುವನ್ನು ಒಪ್ಪಿಗೆಯಿಲ್ಲದೆ ಒಯ್ದಾಗ ಅದನ್ನು ಬೇಗ ಹಿಂದಿರುಗಿಸಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದವೊಂದು 1980ರಲ್ಲಿ ಹೇಗ್ ನಗರದಲ್ಲಿ ಆಯಿತು. 16 ವರ್ಷದೊಳಗಿನ ಮಕ್ಕಳಿಗೆ ಅದು ಅನ್ವಯಿಸುತ್ತದೆ. ಅಮೆರಿಕ ಅದರ ಸದಸ್ಯ ರಾಷ್ಟ್ರ, ಭಾರತ ಅಲ್ಲ. ಆದಕಾರಣ ಇಲ್ಲಿಯ ನ್ಯಾಯಾಲಯಕ್ಕೆ ಆ ಆದೇಶವನ್ನು ಕಣ್ಣುಮುಚ್ಚಿ ಜಾರಿ ಮಾಡುವ ಹೊಣೆಯಿಲ್ಲ. ವಿದೇಶಿ ಆದೇಶವು ಪರಿಗಣಿಸಬೇಕಾದ ಅಂಶಗಳಲ್ಲಿ ಒಂದು ಮಾತ್ರ, ಮಗುವಿನ ಕ್ಷೇಮವೇ ನಿರ್ಣಾಯಕ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ತಾಯಿಯೊಡನೆ ಇಂಗ್ಲೆಂಡಿನಿಂದ ಬಂದಿದ್ದ ಮಗಳನ್ನು ಇಲ್ಲಿಯೇ ಉಳಿಸಿತು. ಆದರೆ ನಾನು ಮೇಲೆ ಹೇಳಿದ 2020ರ ಜನವರಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ ತಾಯಿಯು ಮಗುವಿನೊಡನೆ ಅಮೆರಿಕಕ್ಕೆ ಮರಳಬೇಕೆಂದಿತು. ಎರಡನ್ನೂ ಜೊತೆಗಿಟ್ಟು ಓದಿದರೆ ಮಗು ಇಲ್ಲಿ ಎಷ್ಟು ಕಾಲದಿಂದಿದೆ, ಎಷ್ಟು ಬೇರೂರಿದೆ, ಅಲ್ಲಿಗೆ ಹೋದರೆ ಹಾನಿಯಿದೆಯೇ ಎಂಬುದರ ಮೇಲೆ ತೀರ್ಪು ನಿಲ್ಲುತ್ತದೆ ಎಂಬುದು ತಿಳಿಯುತ್ತದೆ. ಐದು ತಿಂಗಳು ನಿಮ್ಮ ಪರವಾಗಿ ಬಹಳ ಗಟ್ಟಿಯಾದ ಅಂಶವಲ್ಲ; ಹಿಂಸೆಯ ಪುರಾವೆ ಗಟ್ಟಿಯಾದದ್ದು. ಅಲ್ಲಿಯ ಪೊಲೀಸ್ ದೂರು, ಆಸ್ಪತ್ರೆಯ ದಾಖಲೆ, ಆ ದಿನಗಳಲ್ಲಿ ಯಾರಿಗಾದರೂ ಕಳಿಸಿದ ಸಂದೇಶಗಳನ್ನೆಲ್ಲ ಸಂಗ್ರಹಿಸಿ.

ಅಲ್ಲಿಯ ನ್ಯಾಯಾಲಯದ ನೋಟಿಸಿಗೆ ಉತ್ತರ ಕೊಡದೆ ಸುಮ್ಮನಿರುವುದು ಅನೇಕರು ಮಾಡುವ ತಪ್ಪು. ಅಲ್ಲಿಯ ವಕೀಲರ ಮೂಲಕ ಹಾಜರಾಗಿ ನಿಮ್ಮ ಆಕ್ಷೇಪಣೆ ದಾಖಲಿಸಿ. ಇಲ್ಲದಿದ್ದರೆ ಏಕಪಕ್ಷೀಯ ಆದೇಶಗಳು ಒಂದರ ಮೇಲೊಂದು ಬರುತ್ತವೆ. ಇಲ್ಲಿ ಸುಪರ್ದಿಯ ಅರ್ಜಿಯನ್ನು ಈಗಲೇ ಹಾಕಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಕಲಮಿನಡಿ ತಾತ್ಕಾಲಿಕ ಸುಪರ್ದಿಯನ್ನೂ ಕೇಳಬಹುದು. ತಂದೆಯೊಡನೆ ಮಗನ ವಿಡಿಯೊ ಕರೆಯನ್ನು ಮಾತ್ರ ನಿಲ್ಲಿಸಬೇಡಿ.

ಮುಂದೊಮ್ಮೆ ಮಗನನ್ನು ಅಲ್ಲಿಗೆ ಕಳಿಸಬೇಕಾದ ಸಂದರ್ಭ ಬಂದರೆ, ಇಲ್ಲಿಯ ಆದೇಶದ ಷರತ್ತುಗಳನ್ನೇ ಅಲ್ಲಿಯ ನ್ಯಾಯಾಲಯದಲ್ಲಿಯೂ ನೋಂದಾಯಿಸುವ ‘ಮಿರರ್ ಆರ್ಡರ್’ ಎಂಬ ವ್ಯವಸ್ಥೆಯಿದೆ. ಅದನ್ನು ಕೇಳಿ, ಆದರೆ ಅದರ ಮೇಲೆಯೇ ಪೂರ್ತಿ ಭಾರ ಹಾಕಬೇಡಿ. ಕೀನ್ಯಾದಲ್ಲಿದ್ದ ತಂದೆಯೊಬ್ಬರಿಗೆ 2020ರಲ್ಲಿ ಅಂಥ ಷರತ್ತಿನ ಮೇಲೆ ಮಗನನ್ನು ಒಪ್ಪಿಸಿದ ಸುಪ್ರೀಂ ಕೋರ್ಟ್, ಷರತ್ತುಗಳನ್ನು ಮುರಿದದ್ದನ್ನು ಕಂಡು 2021ರಲ್ಲಿ ತನ್ನ ಆದೇಶವನ್ನೇ ಹಿಂಪಡೆಯಬೇಕಾಯಿತು. ಅಷ್ಟರಲ್ಲಿ ಮಗ ದೇಶ ದಾಟಿಯಾಗಿತ್ತು.

ಪ್ರಶ್ನೆ: ಹದಿಮೂರು ವರ್ಷದ ಮಗ ತಂದೆಯ ಬಳಿ ಇದ್ದಾನೆ. ಅವರು ಊರು ಬದಲಿಸಿದ ಮೇಲೆ ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ತಿಂಗಳಿಗೊಮ್ಮೆ ಭೇಟಿಯ ಆದೇಶವಿದೆ. ಎಂಟು ಗಂಟೆ ಪ್ರಯಾಣ ಮಾಡಿ ಹೋದರೆ ‘ಅವನೇ ಬರಲೊಲ್ಲ, ನಾನೇನು ಮಾಡಲಿ’ ಎನ್ನುತ್ತಾರೆ. ಇವರೇ ಅವನ ತಲೆ ಕೆಡಿಸಿದ್ದಾರೆ ಎಂಬುದು ನನಗೆ ಗೊತ್ತು. ಸುಪರ್ದಿಯನ್ನೇ ನನಗೆ ಕೊಡಿ ಎಂದು ಕೇಳಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾನೂನು ಹೆಚ್ಚು ಮಾಡಲಾಗದ ಜಾಗವೆಂದರೆ ಇದು, ಹಾಗಾಗಿ ಹುಷಾರಾಗಿ ಉತ್ತರಿಸುತ್ತೇನೆ.

1890ರ ಕಾಯ್ದೆಯ 17ನೇ ಕಲಮಿನಂತೆ, ಬುದ್ಧಿಪೂರ್ವಕವಾಗಿ ಆಯ್ಕೆ ಮಾಡುವಷ್ಟು ವಯಸ್ಸಾದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು. ಹದಿಮೂರು ವರ್ಷದ ಹುಡುಗನನ್ನು ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆಸಿ, ಇಬ್ಬರೂ ಪೋಷಕರನ್ನು ಹೊರಗಿರಿಸಿ ಮಾತನಾಡಿಸುತ್ತಾರೆ. ಅವನ ಮಾತು ಅವನದೇ ಅಥವಾ ಹೇಳಿಕೊಟ್ಟದ್ದೇ ಎಂಬುದನ್ನು ಅನುಭವಿ ನ್ಯಾಯಾಧೀಶರು ಬಹುಮಟ್ಟಿಗೆ ಗುರುತಿಸಬಲ್ಲರು. ಒಬ್ಬ ಪೋಷಕರು ಇನ್ನೊಬ್ಬರ ವಿರುದ್ಧ ಮಗುವಿನ ಮನಸ್ಸನ್ನು ತಿರುಗಿಸುವ ಬಗೆಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಿವರವಾಗಿ ಚರ್ಚಿಸಿ, ತಂದೆಯ ಬಳಿ ಇದ್ದ ಎಳೆಯ ಹುಡುಗಿಯ ಸುಪರ್ದಿಯನ್ನು ತಾಯಿಗೆ ಕೊಟ್ಟದ್ದುಂಟು. ಆದರೆ 2024ರಲ್ಲಿ ಅದೇ ನ್ಯಾಯಾಲಯ ಎಚ್ಚರಿಕೆಯನ್ನೂ ಕೊಟ್ಟಿತು: ಮಗು ಒಲ್ಲೆನೆಂದ ಮಾತ್ರಕ್ಕೆ ‘ತಲೆ ಕೆಡಿಸಿದ್ದಾರೆ’ ಎಂಬ ಹಣೆಪಟ್ಟಿ ಅಂಟಿಸಬಾರದು, ಹಾಗೆ ತಿರುಗಿಸಿದ ನಿರ್ದಿಷ್ಟ ನಡವಳಿಕೆಯನ್ನು ತೋರಿಸಬೇಕು. ‘ನನಗೆ ಗೊತ್ತು’ ಎಂಬುದು ಪುರಾವೆಯಾಗುವುದಿಲ್ಲ. ನೀವು ಹೋದ ದಿನಾಂಕಗಳು, ಬಸ್ಸಿನ ಟಿಕೆಟುಗಳು, ಉತ್ತರ ಬಾರದ ಸಂದೇಶಗಳು, ನಿಮಗೆ ತಿಳಿಸದೆ ಬದಲಾಯಿಸಿದ ಶಾಲೆ, ಇವು ಪುರಾವೆ.

ಸುಪರ್ದಿಯನ್ನು ಈಗಲೇ ಕೇಳಬೇಡಿ ಎಂಬುದು ನನ್ನ ಅಭಿಪ್ರಾಯ. ಮಾತೇ ಆಡದ ಹುಡುಗನನ್ನು ಮನೆಗೆ ಕರೆತಂದರೆ ಅವನು ಬಾಗಿಲು ಹಾಕಿಕೊಂಡು ಕೂರುತ್ತಾನೆ, ಮತ್ತು ಅವನ ಕಣ್ಣಿನಲ್ಲಿ ನೀವು ಅವನ ಶಾಲೆ, ಗೆಳೆಯರನ್ನು ತಪ್ಪಿಸಿದವರಾಗುತ್ತೀರಿ. ಮೊದಲು ಭೇಟಿಯ ಆದೇಶವನ್ನು ಮಾರ್ಪಡಿಸಲು ಕೇಳಿ: ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚಕರ ಸಮ್ಮುಖದಲ್ಲಿ ಕೆಲವು ಭೇಟಿಗಳು, ಆಮೇಲೆ ಹೊರಗೆ ಒಂದೆರಡು ಗಂಟೆ, ಆಮೇಲೆ ಒಂದು ಪೂರ್ತಿ ದಿನ, ಕೊನೆಗೆ ರಜೆಯಲ್ಲಿ ವಾಸ. ಶಾಲೆಯ ಅಂಕಪಟ್ಟಿ ಮತ್ತು ಆರೋಗ್ಯದ ಮಾಹಿತಿ ನಿಮಗೂ ನೇರವಾಗಿ ಬರುವಂತೆ ಆದೇಶ ಪಡೆಯಿರಿ. ನಿಮ್ಮ ಎಂಟು ಗಂಟೆಯ ಹೊರೆಯನ್ನು ತಂದೆಯೂ ಹಂಚಿಕೊಳ್ಳಲಿ, ನಡುವಿನ ಒಂದು ಊರಿನಲ್ಲಿ ಭೇಟಿ ಆಗಲಿ ಎಂದು ಕೇಳುವುದು ನ್ಯಾಯವೇ ಆಗಿದೆ, ಏಕೆಂದರೆ ಊರು ಬದಲಿಸಿದವರು ಅವರು. ಇಷ್ಟಾದರೂ ತಂದೆ ಅಡ್ಡಿ ಮಾಡಿದರೆ ಜಾರಿ ಅರ್ಜಿಯೂ ನ್ಯಾಯಾಂಗ ನಿಂದನೆಯ ದಾರಿಯೂ ಇದ್ದೇ ಇವೆ, ಆಗ ಸುಪರ್ದಿ ಬದಲಾಯಿಸಲು ಕೇಳುವುದಕ್ಕೂ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ. ಪೊಲೀಸರನ್ನು ಆ ಮನೆ ಬಾಗಿಲಿಗೆ ಕರೆದೊಯ್ಯಬೇಡಿ. ಅವನು ಬರಲಿ ಬಿಡಲಿ, ಆದೇಶದಲ್ಲಿರುವ ದಿನ ನೀವು ಮಾತ್ರ ತಪ್ಪದೆ ಹೋಗಿ. ಇಂದು ಒಳಗಿನಿಂದ ಕಿಟಕಿಯಲ್ಲಿ ನೋಡಿದರೂ ಅವನು ನೋಡಿರುತ್ತಾನೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ ಬರೆದುಕೊಟ್ಟು ಬೇರೆಯಾದೆವು. ‘ಮಗಳು ತಂದೆಯ ಬಳಿ ಇರತಕ್ಕದ್ದು, ತಾಯಿ ಮುಂದೆಂದೂ ಕೇಳತಕ್ಕದ್ದಲ್ಲ’ ಎಂದಿದೆ. ನಾನು ಸಹಿ ಹಾಕಿದ್ದೇನೆ. ಈಗ ಅವರು ಮಗಳನ್ನು ದೂರದ ಊರಿಗೆ ಕಳಿಸುತ್ತಿದ್ದಾರೆ. ನನಗೆ ಇನ್ನು ಹಕ್ಕಿಲ್ಲವೇ? ವಕೀಲರಿಗೆ ಕೊಡಲು ನನ್ನಲ್ಲಿ ಹಣವೂ ಇಲ್ಲ.

ಉತ್ತರ: ಹಕ್ಕಿದೆ. ತಾಯಿಯನ್ನು ನೋಡುವ ಮಗಳ ಹಕ್ಕನ್ನು ಛಾಪಾ ಕಾಗದದ ಮೇಲೆ ಬಿಟ್ಟುಕೊಡಲು ನಿಮಗಾಗಲಿ ಹಿರಿಯರಿಗಾಗಲಿ ಅಧಿಕಾರವಿರಲಿಲ್ಲ, ಆದ್ದರಿಂದ ಆ ಷರತ್ತು ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ. ಮಗಳು ಈವರೆಗೆ ಬೆಳೆದ ಊರಿನ ನ್ಯಾಯಾಲಯದಲ್ಲಿ, ಆಕೆಯನ್ನು ಕಳಿಸುವ ಮೊದಲೇ, ಸುಪರ್ದಿ ಹಾಗೂ ಭೇಟಿಗಾಗಿ ಅರ್ಜಿ ಹಾಕಿ, ವಿಚಾರಣೆ ಮುಗಿಯುವವರೆಗೆ ಆಕೆಯನ್ನು ಊರು ಬಿಡಿಸಬಾರದೆಂಬ ಮಧ್ಯಂತರ ಆದೇಶ ಕೇಳಿ. ಎರಡು ವರ್ಷ ಏಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಬೆದರಿಕೆಯಿತ್ತೇ, ಆ ಬರಹವನ್ನು ನಿಮಗೆ ಓದಿ ಹೇಳಿದ್ದರೇ, ನಡುವೆ ಮಗಳನ್ನು ನೋಡಲು ಪ್ರಯತ್ನಿಸಿದ್ದಿರೇ ಎಂಬುದನ್ನು ಇದ್ದಂತೆ ಬರೆಯಿರಿ.

ಹಣದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೆಂದು ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ, ಅಥವಾ 15100 ಸಂಖ್ಯೆಗೆ ಕರೆ ಮಾಡಿ. ಛಾಪಾ ಕಾಗದ ನಿಮ್ಮ ಬಳಿ ಇದ್ದರೆ ಅದನ್ನು ಬಚ್ಚಿಡಬೇಡಿ, ಯಾರ ಕೈಗೂ ಕೊಟ್ಟುಬಿಡಬೇಡಿ. ಅರ್ಜಿಯೊಡನೆ ನೀವೇ ಹಾಜರುಪಡಿಸಿ.